ಎಳೆಯುವ ಜೀಪಿಗೆ ಯಾವ ಎಂಜಿನು?

ಕೆಟ್ಟು ನಿಂತ ಕಾರಿನ ಮುಂದಿನ ಗಾಲಿಗಳನ್ನು ಸರಪಳಿಯಿಂದ ಮೇಲಕ್ಕೆತ್ತಿ, ರಸ್ತೆಯ ಅಂಚಿನಲ್ಲಿ ಮೆಲ್ಲಗೆ ಎಳೆದುಕೊಂಡು ಹೋಗುವ ಹಳೆಯ ಜೀಪನ್ನು ನೋಡದ ವಾಚಕರು ವಿರಳ. ಇಡೀ ಕಾರನ್ನೇ ಬೆನ್ನ ಮೇಲೆ ಹೊತ್ತೊಯ್ಯುವ ಹೊಸ ಲಾರಿಗಳು ಬಂದಿದ್ದರೂ ಸಣ್ಣ ಗ್ಯಾರೇಜುಗಳ ಅಂಗಳದಲ್ಲಿ ಈ ಜೀಪು ಇನ್ನೂ ಅಲ್ಲಲ್ಲಿ ದುಡಿಯುತ್ತಿದೆ. ಹಿಂಬದಿಯಲ್ಲಿ ಒಂದು ಕಬ್ಬಿಣದ ತೊಲೆ, ಅದಕ್ಕೊಂದು ಕೈರಾಟೆ, ಒಂದು ಕೊಕ್ಕೆ. ಇಷ್ಟೇ ಅದರ ಸರಂಜಾಮು.

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಗ್ಯಾರೇಜಿನ ಕೆಲಸಗಾರರೂ ಚಾಲಕರೂ ಇದ್ದಾರೆ; ಆಫೀಸಿನಲ್ಲಿ ಲೆಕ್ಕ ಬರೆಯುವವರು ಅವರಿಗಿಂತ ಹೆಚ್ಚು. ಈ ಪಾಠ ಮೊದಲಿನವರಿಗಷ್ಟೇ ಎಂದು ಎರಡನೆಯವರು ಹಾಳೆ ಮಗುಚಬಾರದು. ಯಾಕೆಂದರೆ, ಊರ ಕಡೆಯ ಇಬ್ಬರು ಮೂವರು ಹುಡುಗರು ಕೂಡಿ ಗ್ಯಾರೇಜು ತೆರೆದು, ಒಂದು ಹಳೆಯ ಜೀಪು ಕೊಂಡು, ಆರು ತಿಂಗಳಾದ ಮೇಲೆ “ಅಣ್ಣಾರ, ಘಾಟಿನ್ಯಾಗ ಗಾಡಿ ಏರವಲ್ದು, ದೊಡ್ಡ ಎಂಜಿನ್ ಹಾಕಸ್ಬೇಕು, ಸೊಸೈಟಿ ಸಾಲಕ್ಕ ಒಂದು ಸಹಿ ಹಾಕ್ರಿ” ಎಂದು ಬರುವುದು ಗುಮಾಸ್ತರ ಬಳಿಗೇ. ಸಹಿ ಹಾಕುವವನು ಮಿಸ್ತ್ರಿಯಾಗಬೇಕಾಗಿಲ್ಲ. ಆದರೆ ಗುಣಾಕಾರ ಭಾಗಾಕಾರ ಬಲ್ಲವನಿಗೆ ಈ ವಿಷಯದ ಮುಕ್ಕಾಲು ಪಾಲು ತಿಳಿಯುತ್ತದೆ. ಉಳಿದ ಕಾಲು ಪಾಲನ್ನು ಮಿಸ್ತ್ರಿಯನ್ನು ಕೇಳಿ ತಿಳಿಯಬಹುದು.

ಮೊದಲು ಗಾಡಿಯ ಪರಿಚಯ. ಮಹೀಂದ್ರ ಕಂಪನಿ ೧೯೪೭ರಲ್ಲಿ ಅಮೆರಿಕದ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಮುಂದೆ ನಮ್ಮ ದೇಶದಲ್ಲಿ ಬಹುಕಾಲ ಓಡಿದ್ದು ಸಿಜೆ-೩ಬಿ ಎಂಬ ಮಾದರಿ. ಅಮೆರಿಕದಲ್ಲಿ ಅದು ೧೯೫೩ರಲ್ಲಿ ಹೊರಟದ್ದು. ಅದರ ಬಾನೆಟ್ಟು ಹಳೆಯ ಮಿಲಿಟರಿ ಜೀಪಿನದಕ್ಕಿಂತ ಎತ್ತರ. ಇದು ಅಂದಕ್ಕಾಗಿ ಮಾಡಿದ್ದಲ್ಲ. ಯುದ್ಧಕಾಲದ ಜೀಪಿನ ಎಂಜಿನಿನಲ್ಲಿ ಗಾಳಿ ಒಳಗೆ ಬರುವ ಕವಾಟವೂ ಹೊಗೆ ಹೊರಗೆ ಹೋಗುವ ಕವಾಟವೂ ಎರಡೂ ಪಕ್ಕದಲ್ಲಿದ್ದವು. ಸುಮಾರು ೬೦ ಅಶ್ವಶಕ್ತಿ. ಹೆಚ್ಚು ಗಾಳಿ ಎಳೆದುಕೊಳ್ಳಲೆಂದು ಒಳಬರುವ ಕವಾಟವನ್ನು ಸಿಲಿಂಡರಿನ ನೆತ್ತಿಯ ಮೇಲೆ ಇಟ್ಟು ‘ಹರಿಕೇನ್’ ಎಂಬ ಎಂಜಿನನ್ನು ಮಾಡಿದರು. ಎಂಜಿನು ಎತ್ತರವಾಯಿತು, ಬಾನೆಟ್ಟೂ ಎತ್ತರವಾಯಿತು. ಈ ಪೆಟ್ರೋಲು ಎಂಜಿನಿನ ಅಳತೆ ೨೧೯೯ ಸಿ.ಸಿ., ಶಕ್ತಿ ನಿಮಿಷಕ್ಕೆ ೪೦೦೦ ಸುತ್ತಿನಲ್ಲಿ ಸುಮಾರು ೭೨ ಅಶ್ವಶಕ್ತಿ.

ಈ ೭೨ ಎಂಬ ಸಂಖ್ಯೆಯೇ ಅನೇಕರನ್ನು ದಾರಿ ತಪ್ಪಿಸುತ್ತದೆ. ಗ್ಯಾರೇಜಿನಲ್ಲಿ ‘ಪುಲ್ಲಿಂಗ್’ ಎಂದು ಕರೆಯುವ ಗುಣ ಅಶ್ವಶಕ್ತಿಯಲ್ಲ. ಟಾಂಗಾದ ಕುದುರೆಗೂ ಬಂಡಿಯ ಎತ್ತಿಗೂ ಇರುವ ವ್ಯತ್ಯಾಸವನ್ನು ನೆನೆಯಿರಿ. ಕುದುರೆ ಓಡುವಾಗ ಮಾಡುವ ಕೆಲಸ ಎತ್ತಿನದಕ್ಕಿಂತ ಹೆಚ್ಚಿರಬಹುದು. ಆದರೆ ಕಬ್ಬು ಹೇರಿದ ಬಂಡಿ ಹಳ್ಳದ ದಡದಲ್ಲಿ ಹೂತಾಗ ನೊಗಕ್ಕೆ ಹೆಗಲು ಕೊಟ್ಟು ನಿಂತಲ್ಲಿಂದಲೇ ಎಬ್ಬಿಸುವುದು ಎತ್ತು. ಎಂಜಿನಿನಲ್ಲಿ ಎತ್ತಿನ ಆ ಹೆಗಲಿಗೆ ಸಮನಾದದ್ದು ತಿರುಚುಬಲ. ಒಂದು ಮೀಟರು ಉದ್ದದ ಪಾನಾದ ತುದಿಗೆ ೧೦ ಕಿಲೊ ಕಲ್ಲು ತೂಗುಹಾಕಿದರೆ ನಟ್ಟಿನ ಮೇಲೆ ಬೀಳುವ ತಿರುಚುಬಲ ೧೦ ಕೆ.ಜಿ.ಮೀ. ಹರಿಕೇನ್ ಎಂಜಿನು ನಿಮಿಷಕ್ಕೆ ೨೦೦೦ ಸುತ್ತಿನಲ್ಲಿ ೧೫.೮ ಕೆ.ಜಿ.ಮೀ. ಕೊಡುತ್ತದೆ. ಅಲ್ಲಿಂದ ಮುಂದೆ ಸುತ್ತು ಏರಿದಂತೆ ತಿರುಚುಬಲ ಇಳಿಯುತ್ತದೆ. ೪೦೦೦ ಸುತ್ತಿಗೆ ಅದು ೧೩ರ ಆಸುಪಾಸಿಗೆ ಬಂದಿರುತ್ತದೆ.

ಎರಡಕ್ಕೂ ಇರುವ ಸಂಬಂಧ ಸರಳ. ತಿರುಚುಬಲವನ್ನು ಸುತ್ತಿನಿಂದ ಗುಣಿಸಿ ೭೧೬ರಿಂದ ಭಾಗಿಸಿದರೆ ಅಶ್ವಶಕ್ತಿ ಬರುತ್ತದೆ. ೧೫.೮ ಗುಣಿಸು ೨೦೦೦, ಭಾಗಿಸು ೭೧೬: ಸುಮಾರು ೪೪. ಅಂದರೆ ೭೨ ಕುದುರೆಯ ಎಂಜಿನು ಅತ್ಯಂತ ಚೆನ್ನಾಗಿ ಎಳೆಯುವ ಹೊತ್ತಿಗೆ ದುಡಿಯುತ್ತಿರುವುದು ೪೪ ಕುದುರೆ ಮಾತ್ರ. ಎಂಜಿನು ಮಾರುವವನು ದೊಡ್ಡ ಸಂಖ್ಯೆಯನ್ನೇ ಹೇಳುತ್ತಾನೆ. ಕೊಳ್ಳುವವನು “ಎಷ್ಟು ಸುತ್ತಿಗೆ?” ಎಂದು ಕೇಳಬೇಕು.

ಈಗ ಘಾಟಿನ ಲೆಕ್ಕ. ತೊಲೆ, ಸಾಮಾನು, ಇಬ್ಬರು ಆಳು ಸೇರಿ ಜೀಪು ೧೫೦೦ ಕಿಲೊ ಎಂದು ಹಿಡಿಯೋಣ. ಹಿಂದಿನ ಕಾರು ೧೨೦೦. ಒಟ್ಟು ೨೭೦೦. ಒಳ್ಳೆಯ ಡಾಂಬರು ರಸ್ತೆಯಲ್ಲಿ ಗಾಲಿ ಉರುಳಲು ಬೇಕಾಗುವ ಬಲ ತೂಕದ ನೂರಕ್ಕೆ ಎರಡು ಪಾಲಿನಷ್ಟು, ಅಂದರೆ ೫೪ ಕಿಲೊ. ಇದು ಏನೂ ಅಲ್ಲ. ಸಮತಟ್ಟಿನಲ್ಲಿ ನಾಲ್ಕು ಜನ ನೂಕಿದರೆ ಗಾಡಿ ಹೋಗುವುದು ಇದರಿಂದಲೇ. ಕಷ್ಟ ಬರುವುದು ಏರಿನಲ್ಲಿ. ಹತ್ತು ಮೀಟರು ಹೋಗುವುದರಲ್ಲಿ ಒಂದು ಮೀಟರು ಏರುವ ರಸ್ತೆಯಾದರೆ ತೂಕದ ಹತ್ತನೆಯ ಒಂದು ಪಾಲು, ೨೭೦ ಕಿಲೊ, ಹಿಂದಕ್ಕೆ ಜಗ್ಗುತ್ತದೆ. ಕೂಡಿಸಿದರೆ ಸುಮಾರು ೩೨೫ ಕಿಲೊ. ಜೀಪಿನ ಗಾಲಿ ರಸ್ತೆಯನ್ನು ಇಷ್ಟು ಬಲದಿಂದ ಹಿಂದಕ್ಕೆ ಒತ್ತಿದರೆ ಗಾಡಿ ನಿಲ್ಲದೆ ಏರುತ್ತದೆ. ಇದಕ್ಕಿಂತ ಕಡಿಮೆಯಾದರೆ ನಿಲ್ಲುತ್ತದೆ.

ಎಂಜಿನಿನ ತಿರುಚುಬಲ ಗಾಲಿಗೆ ನೇರವಾಗಿ ಹೋಗುವುದಿಲ್ಲ. ಗೇರುಪೆಟ್ಟಿಗೆ ಅದನ್ನು ಒಮ್ಮೆ ಹೆಚ್ಚಿಸುತ್ತದೆ, ಹಿಂದಿನ ಆಕ್ಸಲಿನ ಹಲ್ಲುಗಾಲಿಗಳು ಇನ್ನೊಮ್ಮೆ ಹೆಚ್ಚಿಸುತ್ತವೆ. ಸಿಜೆ-೩ಬಿಯ ಮೂರು ಗೇರುಗಳಲ್ಲಿ ಮೊದಲನೆಯದು ೨.೮೦ ಪಟ್ಟು, ಎರಡನೆಯದು ೧.೫೫ ಪಟ್ಟು, ಮೂರನೆಯದು ನೇರ. ಆಕ್ಸಲಿನಲ್ಲಿ ೫.೩೮ ಪಟ್ಟು. ಗಾಲಿಯ ನಡುವಿನಿಂದ ನೆಲಕ್ಕೆ ಸುಮಾರು ೦.೩೫ ಮೀಟರು. ದಾರಿಯಲ್ಲಿ ತಿಕ್ಕಾಟಕ್ಕೆ ನೂರಕ್ಕೆ ಹದಿನೈದು ಪಾಲು ಹೋಗುತ್ತದೆ ಎಂದು ಬಿಡೋಣ.

ಎರಡನೆಯ ಗೇರಿನಲ್ಲಿ ಹರಿಕೇನ್ ಎಂಜಿನು: ೧೫.೮ ಗುಣಿಸು ೧.೫೫, ಗುಣಿಸು ೫.೩೮, ಭಾಗಿಸು ೦.೩೫, ಅದರಲ್ಲಿ ಹದಿನೈದು ಪಾಲು ಕಳೆ. ಬರುವುದು ೩೨೦ ಕಿಲೊ. ಬೇಕಾದದ್ದು ೩೨೫. ಐದು ಕಿಲೊ ಸಾಲದು! ಹುಡುಗರು “ಏರವಲ್ದು” ಎನ್ನುವುದು ಸುಳ್ಳಲ್ಲ. ಎರಡನೆಯ ಗೇರಿನಲ್ಲಿ ಗಂಟೆಗೆ ೩೦ ಕಿ.ಮೀ. ವೇಗದಲ್ಲಿ ಏರಲು ಹೋಗಿ, ಎಂಜಿನು ಉಸಿರುಕಟ್ಟಿ ನಿಲ್ಲುತ್ತಿದೆ. ಮೊದಲನೆಯ ಗೇರಿಗೆ ಇಳಿದರೆ ಅದೇ ಎಂಜಿನು ೫೭೮ ಕಿಲೊ ಕೊಡುತ್ತದೆ. ಬೇಕಾದುದಕ್ಕಿಂತ ಎಷ್ಟೋ ಹೆಚ್ಚು. ಆಗ ವೇಗ ಗಂಟೆಗೆ ೧೭ ಕಿ.ಮೀ. ಚಿಲ್ಲರೆ. ಇನ್ನು ಜೀಪಿಗೆ ಎರಡನೆಯದೊಂದು ಗೇರುಪೆಟ್ಟಿಗೆಯೂ ಉಂಟು. ಅದರ ‘ಲೋ’ ಹಾಕಿದರೆ ಇದೆಲ್ಲವೂ ಮತ್ತೆ ೨.೪೬ ಪಟ್ಟು ಹೆಚ್ಚಿ ೧೪೦೦ ಕಿಲೊ ದಾಟುತ್ತದೆ. ಅಷ್ಟು ಬಲವನ್ನು ೧೫೦೦ ಕಿಲೊ ತೂಕದ ಜೀಪಿನ ಟೈರು ನೆಲಕ್ಕೆ ಕಚ್ಚಿ ಹಿಡಿಯಲಾರದು. ಗಾಲಿ ಸುಮ್ಮನೆ ಸುತ್ತುತ್ತದೆ. (‘ಲೋ’ ಹಾಕಬೇಕಾದರೆ ಮುಂದಿನ ಗಾಲಿಗಳಿಗೂ ಎಳೆತ ಕೊಡಲೇಬೇಕು, ಒಣಗಿದ ಡಾಂಬರು ರಸ್ತೆಯಲ್ಲಿ ಹಾಗೆ ದೂರ ಓಡಿಸಿದರೆ, ಅದರಲ್ಲೂ ತಿರುವುಗಳಲ್ಲಿ, ಆಕ್ಸಲುಗಳು ಒಂದಕ್ಕೊಂದು ಹೆಣಗಾಡುತ್ತವೆ. ಆದುದರಿಂದ ಅದನ್ನು ಗಾಡಿಯನ್ನು ಹಳ್ಳದಿಂದ ಎತ್ತುವಾಗ ಮಾತ್ರ ಬಳಸುವುದು.)

ಇಲ್ಲಿ ತಿಳಿಯಬೇಕಾದದ್ದು ಇಷ್ಟು. ಆರೋಗ್ಯವಾಗಿರುವ ಹಳೆಯ ಎಂಜಿನಿಗೂ ಬೇಕಾದಷ್ಟು ಎಳೆತವಿದೆ. ಅದನ್ನು ಗೇರು ಒದಗಿಸುತ್ತದೆ. ಹೊಸ ಎಂಜಿನಿಗೆ ಕೊಡುವ ಹಣದಿಂದ ಸಿಗುವುದು ಏರಿನ ಮೇಲೆ ಸ್ವಲ್ಪ ಹೆಚ್ಚಿನ ವೇಗ, ಮತ್ತು ಡೀಸೆಲಾದರೆ ಇಂಧನದ ಉಳಿತಾಯ. ವೇಗದ ಮಾತಿಗೆ ಬಂದರೆ, ಕೆಟ್ಟ ಗಾಡಿಯನ್ನು ಎಳೆಯುವವನಿಗೆ ೧೯೮೯ರ ರಸ್ತೆ ನಿಯಮಗಳೇ ಗಂಟೆಗೆ ೨೪ ಕಿ.ಮೀ. ಮಿತಿ ಹಾಕಿದ್ದವು, ೨೦೧೭ರ ನಿಯಮಾವಳಿಯಲ್ಲೂ ಮಿತಿ ಅದೇ ಸುಮಾರಿನದು. ಕಾಯಿದೆ ಒಪ್ಪುವ ವೇಗ ೨೪, ಹಳೆಯ ಎಂಜಿನು ಮೊದಲನೆಯ ಗೇರಿನಲ್ಲಿ ಕೊಡುವ ವೇಗ ೧೭. ನಡುವಿನ ಏಳು ಕಿ.ಮೀ.ಗಾಗಿ ಸಾಲ ಮಾಡಬೇಕೇ ಎಂಬುದೇ ಪ್ರಶ್ನೆ.

ಮೊದಲ ಗೇರಿಗೂ ಏರದೆ ನಿಲ್ಲುತ್ತಿದ್ದರೆ ಆಗ ಎಂಜಿನು ಚಿಕ್ಕದೆಂದಲ್ಲ, ಸವೆದಿದೆ ಎಂದು ಅರ್ಥ. ಇದನ್ನು ಪರೀಕ್ಷಿಸುವುದು ಸುಲಭ. ಎಂಜಿನನ್ನು ಬಿಸಿಮಾಡಿ, ಪ್ಲಗ್ಗುಗಳನ್ನು ಕಳಚಿ, ಆ ರಂಧ್ರಕ್ಕೆ ಒತ್ತಡದ ಗೇಜು ಹಿಡಿದು, ಆಕ್ಸಿಲರೇಟರು ಪೂರ್ತಿ ಒತ್ತಿ ಸ್ಟಾರ್ಟರು ತಿರುಗಿಸಿದರೆ ನಾಲ್ಕು ಸಿಲಿಂಡರುಗಳ ಒತ್ತಡವೂ ತಿಳಿಯುತ್ತದೆ. ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಒಂದು ಸಿಲಿಂಡರಿನದು ಉಳಿದವುಗಳಿಗಿಂತ ತೀರ ಕಡಿಮೆ ಬಂದರೆ ಅದರೊಳಕ್ಕೆ ಒಂದು ಚಮಚ ಎಂಜಿನು ಎಣ್ಣೆ ಬಿಟ್ಟು ಮತ್ತೊಮ್ಮೆ ನೋಡಬೇಕು. ಎಣ್ಣೆ ಬಿಟ್ಟ ಮೇಲೆ ಒತ್ತಡ ಏರಿದರೆ ಪಿಸ್ಟನ್ ರಿಂಗೋ ಬೋರೋ ಸವೆದಿದೆ. ಏರದಿದ್ದರೆ ಕವಾಟ ಸೋರುತ್ತಿದೆ. ಈ ಎಂಜಿನಿನಲ್ಲಿ ಹೊಗೆ ಹೋಗುವ ಕವಾಟ ಈಗಲೂ ಪಕ್ಕದಲ್ಲೇ ಇರುವುದರಿಂದ, ಹೆಡ್ಡನ್ನು ಮಾತ್ರ ಬಿಚ್ಚಿ ಮೇಲಿನ ಕವಾಟಗಳನ್ನು ಉಜ್ಜಿಸಿ “ಕವಾಟದ ಕೆಲಸ ಆಯಿತು” ಎಂದರೆ ಅರ್ಧ ಕೆಲಸವೇ ಆದಂತೆ. ಎರಡನ್ನೂ ನೋಡಿದರೇ ಎಂದು ಮಿಸ್ತ್ರಿಯನ್ನು ಕೇಳುವುದರಲ್ಲಿ ಸಂಕೋಚ ಬೇಡ. ಬೋರು ಸವೆದಿದ್ದರೆ ಬೋರು ಹಿಗ್ಗಿಸಿ ಒಂದಳತೆ ದೊಡ್ಡ ಪಿಸ್ಟನ್ನು ಹಾಕಿದರೆ ಎಂಜಿನು ಮತ್ತೆ ಮೊದಲಿನಂತೆ ಎಳೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಎಳೆಯುವ ಜೀಪಿಗೆ ಮೊದಲು ಮಾಡಿಸಬೇಕಾದದ್ದು ಇದು. ಮಾತಿಗೆ ಹೊಸ ಎಂಜಿನಿನಷ್ಟು ಸೊಗಸಾಗಿ ಕೇಳದಿರುವುದೊಂದೇ ಇದರ ದೋಷ.

ಇಷ್ಟಾದರೂ ಡೀಸೆಲೇ ಬೇಕು ಎನ್ನುವವರಿಗಾಗಿ ಎರಡು ಎಂಜಿನುಗಳನ್ನು ತೂಗಿ ನೋಡೋಣ. ೧೯೭೩ರಲ್ಲಿ ಅರಬ್ ದೇಶಗಳು ತೈಲದ ಸಾಗಣೆಯನ್ನು ಬಿಗಿಹಿಡಿದ ಮೇಲೆ ಪೆಟ್ರೋಲಿನ ಬೆಲೆ ಏರಿ, ಜೀಪಿನ ಮಾಲೀಕರಿಗೆಲ್ಲ ಡೀಸೆಲಿನ ಕಡೆ ಕಣ್ಣು ಹೋಯಿತು. ೧೯೭೯ರಲ್ಲಿ ಮಹೀಂದ್ರ ಕಂಪನಿ ಫ್ರಾನ್ಸಿನ ಪ್ಯೂಜೊ ಕಂಪನಿಯಿಂದ ಎಕ್ಸ್‌ಡಿಪಿ ೪.೯೦ ಎಂಬ ಡೀಸೆಲು ಎಂಜಿನು ತಯಾರಿಸುವ ಹಕ್ಕು ಪಡೆಯಿತು. ಅಳತೆ ೨೧೧೨ ಸಿ.ಸಿ., ಶಕ್ತಿ ೪೫೦೦ ಸುತ್ತಿಗೆ ಸುಮಾರು ೬೨ ಕುದುರೆ, ತಿರುಚುಬಲ ೨೦೦೦ ಸುತ್ತಿಗೆ ಸುಮಾರು ೧೨ ಕೆ.ಜಿ.ಮೀ. ಕುರ್ಲಾ, ಮಾಯಾಪುರಿ, ಪುದುಪೇಟೆ ಮುಂತಾದ ಗುಜರಿ ಪೇಟೆಗಳಲ್ಲಿ ಹಳೆಯ ಜೀಪಿಗೆಂದು ಹುಡುಕುವವರ ಬಾಯಲ್ಲಿ ‘ಪ್ಯೂಜೊ’ ಎಂದರೆ ಇದೇ.

“ಡೀಸೆಲು ಎಂದರೆ ಪುಲ್ಲಿಂಗ್” ಎಂಬ ಮಾತು ಎಲ್ಲ ಗ್ಯಾರೇಜುಗಳಲ್ಲೂ ಕೇಳಿಬರುತ್ತದೆ. ಆದರೆ ಹದಿನೈದೂ ಮುಕ್ಕಾಲಿನ ಪೆಟ್ರೋಲು ಎಂಜಿನು ತೆಗೆದು ಹನ್ನೆರಡರ ಡೀಸೆಲು ಕೂಡಿಸಿದರೆ ಎಳೆತ ಹೆಚ್ಚುವುದೆಂತು? ಅದೇ ಗೇರುಪೆಟ್ಟಿಗೆ, ಅದೇ ಆಕ್ಸಲು ಇಟ್ಟುಕೊಂಡು ಲೆಕ್ಕ ಹಾಕಿ. ಎರಡನೆಯ ಗೇರಿನಲ್ಲಿ ೨೪೩ ಕಿಲೊ, ಮೊದಲನೆಯದರಲ್ಲಿ ೪೩೯. ಹತ್ತಕ್ಕೊಂದರ ಏರನ್ನು ಇದೂ ಮೊದಲನೆಯ ಗೇರಿನಲ್ಲಿಯೇ ಹತ್ತಬೇಕು, ಮತ್ತು ಹಿಂದಿಗಿಂತ ಕಡಿಮೆ ಬಲದಿಂದ. ಇಂಧನ ಉಳಿಯುತ್ತದೆ, ನಿಜ. ಪ್ಯೂಜೊ ಕೆಟ್ಟ ಎಂಜಿನು ಎಂದು ನಾನು ಹೇಳುತ್ತಿಲ್ಲ. ಜನರನ್ನು ಹೊತ್ತು ಓಡಾಡುವ ಜೀಪಿಗೆ ಅದು ಒಪ್ಪುವಂಥದೇ. ಎಳೆತಕ್ಕಾಗಿ ಅದನ್ನು ಕೊಳ್ಳುವವನು ಮಾತ್ರ ಹಣ ಕೊಟ್ಟು ಎಳೆತವನ್ನು ಕಳೆದುಕೊಳ್ಳುತ್ತಾನೆ.

ಇನ್ನೊಂದು, ಟ್ರ್ಯಾಕ್ಟರಿನ ವಂಶದ ಡೀಸೆಲು. ಇದರ ಸಿಲಿಂಡರಿನ ಅಡ್ಡಳತೆ ೮೮.೯ ಮಿಲಿಮೀಟರು, ಪಿಸ್ಟನ್ನು ಓಡುವ ಉದ್ದ ೧೦೧.೬, ಅಂಗುಲದಲ್ಲಿ ಮೂರೂವರೆ ಮತ್ತು ನಾಲ್ಕು. ನಾಲ್ಕು ಸಿಲಿಂಡರು ಸೇರಿ ೨೫೨೩ ಸಿ.ಸಿ. ಪ್ಯೂಜೊದಲ್ಲಿ ಡೀಸೆಲು ಮೊದಲು ಒಂದು ಸಣ್ಣ ಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರಿಗೆ ಬರುತ್ತದೆ. ಇದರಲ್ಲಿ ನೇರವಾಗಿ ಪಿಸ್ಟನ್ನಿನ ತಲೆಯ ಮೇಲೆಯೇ ಚಿಮ್ಮುತ್ತದೆ. ಕೋಣೆಯ ಗೋಡೆಗೆ ಹೋಗುವ ಶಾಖ ಉಳಿಯುವುದರಿಂದ ಎಣ್ಣೆ ಇನ್ನೂ ಕಡಿಮೆ ಸಾಕು. ಆದರೆ ಸದ್ದೂ ನಡುಕವೂ ಹೆಚ್ಚು. ಇದಕ್ಕೆ ಟರ್ಬೊ ಜೋಡಿಸಿದ ರೂಪ ಬೊಲೆರೊ ಗಾಡಿಯಲ್ಲಿ ಬಹುಕಾಲ ಇತ್ತು: ೩೨೦೦ ಸುತ್ತಿಗೆ ಸುಮಾರು ೬೩ ಕುದುರೆ, ಆದರೆ ೧೫೦೦ರ ಆಸುಪಾಸಿನಲ್ಲೇ ೧೮ ಕೆ.ಜಿ.ಮೀ. ಕುದುರೆಗಳ ಸಂಖ್ಯೆಯಲ್ಲಿ ಪ್ಯೂಜೊಗೂ ಇದಕ್ಕೂ ಒಂದೇ ಒಂದರ ವ್ಯತ್ಯಾಸ; ಎಳೆತದಲ್ಲಿ ಒಂದೂವರೆ ಪಟ್ಟು. ಎರಡನೆಯ ಗೇರಿನಲ್ಲಿ ಇದು ೩೬೫ ಕಿಲೊ ಕೊಟ್ಟು ಅದೇ ಏರನ್ನು ಗಂಟೆಗೆ ೨೩ ಕಿ.ಮೀ. ದಾಟಿದ ವೇಗದಲ್ಲಿ ಹತ್ತುತ್ತದೆ. ಎಳೆತಕ್ಕೆಂದೇ ಎಂಜಿನು ಹುಡುಕುವುದಾದರೆ ಹುಡುಕಬೇಕಾದದ್ದು ಇಂಥದನ್ನು. ಸುತ್ತು ೩೨೦೦ಕ್ಕೆ ಮುಗಿಯುವುದರಿಂದ ಸಮತಟ್ಟಿನಲ್ಲಿ ಗಂಟೆಗೆ ೭೮ ಕಿ.ಮೀ.ಗಿಂತ ಹೆಚ್ಚು ಓಡದು. ಅದು ಸಾಲದೆಂದು ಆಕ್ಸಲಿನ ೫.೩೮ರ ಹಲ್ಲುಗಳನ್ನು ತೆಗೆಸಿ ೪.೨೭ರದ್ದು ಹಾಕಿಸುವವರುಂಟು, ಎಳೆತದಲ್ಲಿ ಐದನೆಯ ಒಂದು ಪಾಲನ್ನು ಅಲ್ಲಿಯೇ ಬಿಟ್ಟುಬಂದಂತಾಯಿತು.

ಎಂಜಿನು ಸಿಕ್ಕಿತು ಎಂದಿಟ್ಟುಕೊಳ್ಳೋಣ. ಅದು ಕೂತ ಮೇಲೆ ಅದರ ಸುತ್ತ ಇರುವವುಗಳ ಗತಿಯೇನು? ಕ್ಲಚ್ಚು ಹಿಂದೆ ೧೫.೮ನ್ನು ಹಿಡಿಯುತ್ತಿತ್ತು, ೧೮ ಬಂದರೆ ಏರಿನ ನಡುವೆ ಜಾರಿ ಸುಟ್ಟ ವಾಸನೆ ಹೊಡೆಯುತ್ತದೆ. ಡೀಸೆಲಿನ ಪ್ರತಿಯೊಂದು ಹೊಡೆತವೂ ಪೆಟ್ರೋಲಿನದಕ್ಕಿಂತ ಒರಟು. ಅರುವತ್ತು ವರ್ಷದ ಗೇರಿನ ಹಲ್ಲುಗಳಿಗೆ ಅದು ತಾಗುತ್ತದೆ. ತೂಕ ಹೆಚ್ಚಿದ್ದರಿಂದ ಮುಂದಿನ ಪಟ್ಟಿಗಳು ಕುಸಿಯುತ್ತವೆ. (ಕಾರನ್ನು ಹಿಂದೆ ನೇತುಹಾಕಿದಾಗ ಜೀಪಿನ ಮೂತಿ ಏಳುತ್ತದೆ, ಸ್ಟೀರಿಂಗು ಹಗುರಾಗುತ್ತದೆ, ಭಾರವಾದ ಎಂಜಿನು ಅದನ್ನು ಸ್ವಲ್ಪ ಒತ್ತಿ ಹಿಡಿಯುವುದರಿಂದ ಈ ಒಂದು ವಿಷಯದಲ್ಲಿ ತೂಕ ಉಪಕಾರವೇ.) ಹಳೆಯ ಜೀಪು ೬ ವೋಲ್ಟಿನದಾಗಿದ್ದರೆ ವೈರಿಂಗು, ಬ್ಯಾಟರಿ, ಎಲ್ಲವನ್ನೂ ೧೨ಕ್ಕೆ ಬದಲಿಸಬೇಕು. ರೇಡಿಯೇಟರು ಇನ್ನೊಂದು ತಲೆನೋವು. ಬಯಲಿನಲ್ಲಿ ೬೦ ಕಿ.ಮೀ. ವೇಗದಲ್ಲಿ ಓಡುವ ಗಾಡಿಗೆ ಎದುರುಗಾಳಿಯೇ ತಂಪು ಕೊಡುತ್ತದೆ; ಘಾಟಿನಲ್ಲಿ ೨೦ರ ವೇಗದಲ್ಲಿ ಪೂರ್ತಿ ದುಡಿಯುವ ಎಂಜಿನಿಗೆ ಫ್ಯಾನು ಒಂದೇ ಗತಿ. ಇನ್ನೊಂದು ಸಾಲು ಕೊಳವೆಯಿರುವ ರೇಡಿಯೇಟರನ್ನೂ, ಫ್ಯಾನಿನ ಗಾಳಿ ಪಕ್ಕಕ್ಕೆ ಚೆಲ್ಲದಂತೆ ಅದರ ಸುತ್ತ ತಗಡಿನ ಬಳೆಯನ್ನೂ ಹಾಕಿಸದೆ ಎಂಜಿನು ಬದಲಿಸುವುದು ಹಣವನ್ನು ಕುದಿಸಿದಂತೆ.

ಇವೆಲ್ಲ ಖರ್ಚಿನ ಮಾತು. ಬ್ರೇಕು ಪ್ರಾಣದ ಮಾತು. ಈ ಜೀಪಿನ ಬ್ರೇಕಿನ ಡ್ರಮ್ಮುಗಳು ೯ ಅಂಗುಲದವು. ಅವನ್ನು ಮಾಡಿದ್ದು ಒಂದು ಟನ್ನು ಚಿಲ್ಲರೆಯ ಜೀಪನ್ನು ನಿಲ್ಲಿಸಲು. ಹಿಂದೆ ನೇತಾಡುವ ಕಾರು ಇಳಿಜಾರಿನಲ್ಲಿ ಜೀಪನ್ನು ಮುಂದಕ್ಕೆ ನೂಕುತ್ತದೆ. ಅದರ ಮುಂದಿನ ಗಾಲಿಗಳು ಗಾಳಿಯಲ್ಲಿರುವುದರಿಂದ ಅದರದೇ ಬ್ರೇಕಿನಿಂದ ದೊಡ್ಡ ಸಹಾಯವಿಲ್ಲ; ಒಳಗೆ ಯಾರೂ ಇಲ್ಲದಿದ್ದರೆ ಆ ಅಷ್ಟೂ ಇಲ್ಲ. ಏರುವಾಗ ೨೭೦ ಕಿಲೊ ಹಿಂದಕ್ಕೆ ಜಗ್ಗಿದ ಅದೇ ಘಾಟು ಇಳಿಯುವಾಗ ೨೭೦ ಕಿಲೊ ಮುಂದಕ್ಕೆ ನೂಕುತ್ತದೆ. ನುರಿತ ಚಾಲಕ ಏರಿದ ಗೇರಿನಲ್ಲಿಯೇ ಇಳಿಯುತ್ತಾನೆ, ಎಂಜಿನೇ ತಡೆ ಹಿಡಿಯಲೆಂದು. ಪೆಟ್ರೋಲು ಎಂಜಿನಿನಲ್ಲಿ ಕಾಲು ತೆಗೆದೊಡನೆ ಗಾಳಿಯ ದಾರಿ ಮುಚ್ಚಿಕೊಂಡು, ಪಿಸ್ಟನ್ನುಗಳು ಬರಿದನ್ನು ಎಳೆದು ಎಳೆದು ಗಾಡಿಯನ್ನು ತಡೆಯುತ್ತವೆ. ಬಹುಪಾಲು ಡೀಸೆಲು ಎಂಜಿನುಗಳಲ್ಲಿ ಗಾಳಿಯ ದಾರಿಗೆ ಮುಚ್ಚಳವೇ ಇಲ್ಲ. ಈ ತಡೆ ಕಡಿಮೆ. ಪೆಟ್ರೋಲು ಜೀಪಿನಲ್ಲಿ ಇಳಿದು ರೂಢಿಯಾದವನು ಮೊದಲ ಸಲ ಡೀಸೆಲಿನಲ್ಲಿ ಅದೇ ಘಾಟು ಇಳಿಯುವಾಗ ಕಾಲು ಮತ್ತೆ ಮತ್ತೆ ಬ್ರೇಕಿಗೆ ಹೋಗುತ್ತದೆ, ಡ್ರಮ್ಮು ಕಾಯುತ್ತದೆ, ಕಾಯ್ದ ಮೇಲೆ ಹಿಡಿಯುವುದಿಲ್ಲ. ಬ್ರೇಕಿಗೆ ಬೂಸ್ಟರು ಹಾಕಿಸಿದ್ದರೆ ಇನ್ನೊಂದು ಎಚ್ಚರ ಬೇಕು. ಬೂಸ್ಟರು ಕೆಲಸ ಮಾಡುವುದು ಪೆಟ್ರೋಲು ಎಂಜಿನು ಎಳೆಯುವ ಆ ಬರಿದಿನ ಬಲದಿಂದ. ಡೀಸೆಲಿಗೆ ಬೇರೆ ವ್ಯಾಕ್ಯೂಮ್ ಪಂಪು ಬೇಕು. ಅದನ್ನು ಮರೆತರೆ ಬ್ರೇಕು ಪೆಡಲು ಕಲ್ಲಿನಂತಾಗುತ್ತದೆ. ಆದುದರಿಂದ ಸಹಿ ಕೇಳಲು ಬಂದವರನ್ನು ಮೊದಲು ಕೇಳಬೇಕಾದದ್ದು “ಬ್ರೇಕಿಗೆ ಎಷ್ಟು ಇಟ್ಟಿದ್ದೀರಿ?” ಎಂದು. ಅಂದಾಜುಪಟ್ಟಿಯಲ್ಲಿ ಆ ಸಾಲೇ ಇಲ್ಲದಿದ್ದರೆ ಪಟ್ಟಿಯನ್ನು ಮಡಚಿ ಹಿಂದಕ್ಕೆ ಕೊಡಬಹುದು.

ಇನ್ನು ಗುಮಾಸ್ತರ ಸ್ವಂತ ಕ್ಷೇತ್ರ. ಜೀಪು ತಿಂಗಳಿಗೆ ೬೦೦ ಕಿ.ಮೀ. ದುಡಿಯುತ್ತದೆ ಎನ್ನಿ. ಪೆಟ್ರೋಲು ಲೀಟರಿಗೆ ೮ ಕಿ.ಮೀ. ಕೊಟ್ಟರೆ ೭೫ ಲೀಟರು; ಡೀಸೆಲು ೧೨ ಕೊಟ್ಟರೆ ೫೦ ಲೀಟರು. ಲೆಕ್ಕ ಸುಲಭವಾಗಲೆಂದು ಪೆಟ್ರೋಲಿಗೆ ೧೦೦ ರೂಪಾಯಿ, ಡೀಸೆಲಿಗೆ ೯೦ ಎಂದು ಹಿಡಿದರೆ ೭೫೦೦ಕ್ಕೆ ಪ್ರತಿಯಾಗಿ ೪೫೦೦. ತಿಂಗಳಿಗೆ ೩೦೦೦ ಉಳಿಯಿತು. ಎಂಜಿನು, ಕೂಲಿ, ಕ್ಲಚ್ಚು, ರೇಡಿಯೇಟರು, ಬ್ರೇಕು ಎಲ್ಲ ಸೇರಿ ಒಂದೂವರೆ ಲಕ್ಷವಾದರೆ ಅಸಲು ತೀರಲು ೫೦ ತಿಂಗಳು. ವರ್ಷಕ್ಕೆ ನೂರಕ್ಕೆ ೧೨ರ ಬಡ್ಡಿಯಾದರೆ ಮೊದಲ ತಿಂಗಳ ಬಡ್ಡಿಯೇ ೧೫೦೦. ಉಳಿತಾಯದ ಅರ್ಧ ಅಲ್ಲಿಗೇ ಹೋಯಿತು. ಗಾಡಿ ತಿಂಗಳಿಗೆ ೨೦೦ ಕಿ.ಮೀ. ಮಾತ್ರ ಓಡುವುದಾದರೆ ಉಳಿತಾಯ ೧೦೦೦, ಬಡ್ಡಿ ೧೫೦೦. ಆ ಸಾಲ ಎಂದೂ ತೀರುವುದಿಲ್ಲ. ಇವು ನಾನು ಹಿಡಿದ ಅಂಕಿಗಳು; ನಿಮ್ಮ ಜೀಪಿನ ನಿಜವಾದ ಅಂಕಿ ಗ್ಯಾರೇಜಿನ ಪೆಟ್ರೋಲು ಬಿಲ್ಲುಗಳಲ್ಲಿ ಇರುತ್ತದೆ. ಮೂರು ತಿಂಗಳ ಬಿಲ್ಲು ತರಿಸಿ ನೋಡುವುದು ಒಳ್ಳೆಯದು. ಊರಿನವರು ಎಂಬ ದಾಕ್ಷಿಣ್ಯ ಬಿಲ್ಲು ಕೇಳಲು ಅಡ್ಡ ಬರಬಾರದು.

ಕಾಯಿದೆಯನ್ನು ಕೊನೆಗೆ ಇಟ್ಟಿದ್ದೇನೆ. ಕೆಲಸದಲ್ಲಿ ಅದು ಮೊದಲು ಬರತಕ್ಕದ್ದು. ಗಾಡಿಯ ನೋಂದಣಿ ಪತ್ರದಲ್ಲಿ ಎಂಜಿನಿನ ನಂಬರೂ ಇಂಧನದ ಹೆಸರೂ ಬರೆದಿರುತ್ತವೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು, ೨೦೦೦ದಲ್ಲಿ ತಿದ್ದಿದ ಮೇಲೆ, ತಯಾರಕರು ಮೊದಲು ಗೊತ್ತುಪಡಿಸಿದ ವಿವರಗಳಿಗೆ ವಿರುದ್ಧವಾಗುವಂತೆ ಮಾಲೀಕನು ಗಾಡಿಯನ್ನು ಮಾರ್ಪಡಿಸಕೂಡದು ಎನ್ನುತ್ತದೆ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿಯೇ ಓದಿತು. ಆದಕಾರಣ ಪೆಟ್ರೋಲು ಜೀಪಿಗೆ ಗುಜರಿಯ ಡೀಸೆಲು ಎಂಜಿನು ಹಾಕಿಸಿ ಆಮೇಲೆ ಆರ್.ಟಿ.ಒ. ಕಚೇರಿಗೆ ಹೋಗುವುದು ತಲೆಕೆಳಗಾದ ಕ್ರಮ. ಒಪ್ಪಿಗೆ ಸಿಗದಿದ್ದರೆ ಗಾಡಿಯೂ ಹೋಯಿತು, ಸಾಲವೂ ಉಳಿಯಿತು. ಮೇಲಾಗಿ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ನಾವೇ ದಾರಿ ಮಾಡಿಕೊಟ್ಟಂತೆ. ಮೊದಲು ಬರಹದಲ್ಲಿ ಒಪ್ಪಿಗೆ, ಆಮೇಲೆ ಎಂಜಿನು. ಡೀಸೆಲಿನೊಂದಿಗೇ ಹುಟ್ಟಿದ ಜೀಪಿಗೆ ಅದೇ ಕಂಪನಿಯ ಅದೇ ಜಾತಿಯ ಎಂಜಿನು ಹಾಕಿಸುವುದಾದರೆ ಹಾದಿ ಸುಲಭ. ಆದರೂ ಆ ಎಂಜಿನಿನ ನಂಬರು ಬರೆದ ರಸೀದಿ ಇಲ್ಲದೆ ಗುಜರಿಯಿಂದ ಏನನ್ನೂ ಎತ್ತಿ ತರಬಾರದು, ಅದು ಕಳವಿನದಾಗಿದ್ದರೆ ಕೊಂಡವನೇ ಪೊಲೀಸು ಠಾಣೆಗೆ ಅಲೆಯಬೇಕಾಗುತ್ತದೆ. ದಿಲ್ಲಿಯ ವಾಚಕರಿಗೆ ಇನ್ನೊಂದು ತೊಡಕಿದೆ. ಹತ್ತು ವರ್ಷ ಮೀರಿದ ಡೀಸೆಲು, ಹದಿನೈದು ಮೀರಿದ ಪೆಟ್ರೋಲು ಗಾಡಿಗಳು ಅಲ್ಲಿ ಓಡಕೂಡದೆಂದು ಹಸಿರು ನ್ಯಾಯಾಧಿಕರಣ ೨೦೧೫ರಲ್ಲಿ ಹೇಳಿತು. ೨೦೧೮ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆಮೇಲೆ ಆಜ್ಞೆಗಳು ಬದಲಾಗುತ್ತ ಬಂದಿವೆ. ಅಲ್ಲಿಯವರು ಎಂಜಿನಿನ ಮಾತಿಗೆ ಮೊದಲು ಗಾಡಿಗೇ ಆಯುಸ್ಸು ಇದೆಯೇ ಎಂದು ವಿಚಾರಿಸಬೇಕು.

ಇದ್ದ ಎಂಜಿನನ್ನೇ ಬೋರು ಮಾಡಿಸಿ ರಿಂಗು ಬದಲಿಸಿದರೆ ಬ್ಲಾಕಿನ ಮೇಲಿನ ನಂಬರು ಹಾಗೆಯೇ ಉಳಿಯುತ್ತದೆ. ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಬೇಕಾಗಿಲ್ಲ.

ಯಾವ ಎಂಜಿನೇ ಆಗಲಿ, ಕೆಲಸ ಮುಗಿದ ದಿನವೇ ಕೊಕ್ಕೆಗೆ ಕಾರು ಸಿಕ್ಕಿಸಿ ಘಾಟಿಗೆ ಹೊರಡಬಾರದು. ಹೊಸ ರಿಂಗುಗಳು ಬೋರಿಗೆ ಹೊಂದಿಕೊಳ್ಳುವ ತನಕ ಕೆಲವು ನೂರು ಕಿ.ಮೀ. ಬರಿಗಾಡಿಯಾಗಿ ಓಡಿಸಿ, ಎಣ್ಣೆ ಬದಲಿಸಿ, ಹೆಡ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿಸಬೇಕು. ಮೊದಲ ಎಳೆತವನ್ನು ಸಣ್ಣ ಏರಿನಲ್ಲಿ, ಹಗಲು ಹೊತ್ತಿನಲ್ಲಿ, ಮಳೆಯಿಲ್ಲದಾಗ ಮಾಡಿ ನೋಡುವುದು ಲೇಸು. ಏರು ಮುಗಿದೊಡನೆ ರೇಡಿಯೇಟರಿನ ಮುಚ್ಚಳ ತೆಗೆಯದೆ, ಉಷ್ಣದ ಮುಳ್ಳು ಎಲ್ಲಿದೆ ಎಂದು ಮಾತ್ರ ನೋಡಬೇಕು. ಇಳಿಜಾರು ಮುಗಿದ ಮೇಲೆ ಗಾಡಿ ನಿಲ್ಲಿಸಿ, ನಾಲ್ಕೂ ಡ್ರಮ್ಮುಗಳ ಹತ್ತಿರ ಅಂಗೈ ಹಿಡಿದು, ಮುಟ್ಟದೆ, ಕಾವು ನೋಡಬೇಕು. ನಾಲ್ಕರಲ್ಲಿ ಒಂದು ಮಾತ್ರ ತಣ್ಣಗಿದ್ದರೆ ಆ ಗಾಲಿಯ ಬ್ರೇಕು ಕೆಲಸ ಮಾಡುತ್ತಿಲ್ಲ; ಆ ದಿನ ಅಲ್ಲಿಂದ ಮುಂದೆ ಯಾವ ಗಾಡಿಯನ್ನೂ ಎಳೆಯಕೂಡದು.